ದೊಡ್ಡವರ ದನಿಯಲ್ಲಿ ಒಂದು ಅಪ್ಪಣೆ

ಇದು ನಡೆದದ್ದೇ. ನಂಬಿಕೆ ಬಾರದಿದ್ದರೆ ನಮ್ಮ ಮೇಸ್ತ್ರಿಯನ್ನು ಕೇಳಿ. ಆದರೆ ಸ್ವಲ್ಪ ದೂರ ನಿಂತು ಕೇಳಿ, ಅವರ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ನಾವು ನಾಲ್ಕು ಜನ ಸೇರಿ ಕಾಲುವೆಯೊಂದಕ್ಕೆ ಉಕ್ಕಿನ ಕಾಲುಸೇತುವೆ ಮಾಡುತ್ತಿದ್ದೆವು. ‘ಸೇರಿ’ ಎನ್ನುವುದು ಬರೀ ಬಾಯಿಮಾತು. ನಾಲ್ವರೂ ನಾಲ್ಕು ಊರುಗಳಲ್ಲಿದ್ದೆವು, ಒಬ್ಬರ ಮುಖವನ್ನು ಇನ್ನೊಬ್ಬರು ಕಂಡಿರಲಿಲ್ಲ. ಸೇತುವೆ ಎಷ್ಟು ಭಾರ ಹೊರುತ್ತದೆ, ಎಷ್ಟು ಬಾಗುತ್ತದೆ ಎಂದು ಲೆಕ್ಕ ಹಾಕುವವರು ಲೆಕ್ಕದಕ್ಕ. ಆ ಲೆಕ್ಕವನ್ನು ನಕ್ಷೆಗೆ ಇಳಿಸುವವನು ನಾನು. ನಕ್ಷೆ ನೋಡಿ ಕಾರ್ಖಾನೆಯಲ್ಲಿ ಉಕ್ಕು ಕೊರೆಯುವವರು ಮೇಸ್ತ್ರಿ. ಈ ಮೂವರನ್ನೂ ಮೇಯಿಸುವವರು ದೊಡ್ಡವರು, ನಲವತ್ತು ವರ್ಷ ಸೇತುವೆಗಳ ಜೊತೆಗೇ ಸಂಸಾರ ಮಾಡಿದವರು. ತಂಡದಲ್ಲಿ ಕೊರೆಯುವವರು ಇಬ್ಬರಿದ್ದಾರೆ, ಮೇಸ್ತ್ರಿ ಉಕ್ಕನ್ನು, ನಾನು ಕಿವಿಯನ್ನು ಎಂದು ಲೆಕ್ಕದಕ್ಕ ಹೇಳುತ್ತಿದ್ದರು.

ದಿನಾ ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರಿನಲ್ಲಿ ನಮ್ಮ ಸಭೆ. ಕಾರ್ಖಾನೆಯ ನೆಟ್‌ವರ್ಕ್ ನಾಲ್ವರ ಚಿತ್ರವನ್ನೂ ಒಟ್ಟಿಗೆ ಹೊರಲಾರದು, ಹೀಗಾಗಿ ಎಲ್ಲರ ಕ್ಯಾಮೆರಾವೂ ಬಂದ್. ಪರದೆಯ ಮೇಲೆ ನಾಲ್ಕು ಹೆಸರು, ಪರದೆಯ ಹಿಂದೆ ನಾಲ್ಕು ದನಿ. ನಿಯಮ ಒಂದೇ. ದೊಡ್ಡವರು ತಮ್ಮ ಬಾಯಲ್ಲೇ “ಸರಿ, ಕೊರೀರಿ” ಎನ್ನುವವರೆಗೆ ಮೇಸ್ತ್ರಿ ಉಕ್ಕಿಗೆ ಕೈ ಹಚ್ಚುವಂತಿಲ್ಲ. ಬರೆದು ಕಳಿಸಿದ್ದನ್ನು ಯಾರೂ ನೆಟ್ಟಗೆ ಓದುವುದಿಲ್ಲ ಎಂಬುದು ದೊಡ್ಡವರ ಅನುಭವ.

ನನಗೋ ಯಾರ ದನಿ ಕೇಳಿದರೂ ಗಂಟಲು ತುರಿಸುತ್ತದೆ. ನನ್ನ ಅಡ್ಡಹೆಸರೇ ಗಿಣಿ. ದೊಡ್ಡವರು ಮಾತಿಗೆ ಮುಂಚೆ ಎರಡು ಸಲ ಕೆಮ್ಮುತ್ತಾರೆ, ‘ಹ್ಞಾಂ’ ಎಂದು ಎಳೆಯುತ್ತಾರೆ, ಆಮೇಲೆ ಭೂಮಿಯ ಕೆಳಗಿಂದ ಬಂದಂಥ ದನಿಯಲ್ಲಿ ಅಪ್ಪಣೆ ಕೊಡುತ್ತಾರೆ. ಅವರು ಬರುವುದು ತಡವಾದಾಗಲೆಲ್ಲ ಅವರ ಪಾಲಿನ ಬೈಗುಳವನ್ನು ನಾನೇ ಬೈಯುತ್ತಿದ್ದೆ.

“ಹ್ಞಾಂ... ಏನ್ರೀ ಮೇಸ್ತ್ರಿ, ನಿನ್ನೆ ಕಳಿಸಿದ ಅಳತೆ ಟೇಪಲ್ಲಿ ಅಳೆದಿದ್ದೋ, ಗೇಣಲ್ಲಿ ಅಳೆದಿದ್ದೋ?”

“ಇಲ್ಲ ಸಾರ್, ಟೇಪಲ್ಲೇ...” ಎಂದು ಮೇಸ್ತ್ರಿ ಎದ್ದು ನಿಂತಿರುತ್ತಿದ್ದರು, ಕುರ್ಚಿ ಸರಿದ ಸದ್ದು ಕೇಳುತ್ತಿತ್ತು. ಆಗ ನಾನು ಕಿಸಕ್ಕನೆ ನಗುತ್ತಿದ್ದೆ. “ಏ ಗಿಣಿ, ನಿನ್ನ ರೆಕ್ಕೆ ಮುರೀತೀನಿ!” ನಕ್ಕರೆ ಗಿಣಿ, ನಗದಿದ್ದರೆ ದೊಡ್ಡವರು. ಪರದೆಯತ್ತ ನೋಡದ ಮೇಸ್ತ್ರಿಗೆ ಗುರುತು ಅದೊಂದೇ.

ಒಂದು ಮಂಗಳವಾರ ದೊಡ್ಡವರು “ಬಾಗಿಲಲ್ಲಿ ಯಾರೋ ಬಂದಿದ್ದಾರೆ, ಒಂದ್ನಿಮಿಷ” ಎಂದು ಎದ್ದು ಹೋದರು. ಆಗ ಲೆಕ್ಕದಕ್ಕನೂ ಮಗುವನ್ನು ಮಲಗಿಸಲು ಹೋಗಿದ್ದರು. ಇಬ್ಬರ ಹೆಸರೂ ಪರದೆಯ ಮೇಲೆ ಹಾಗೇ ಇದ್ದವು. ಮೇಸ್ತ್ರಿ ಯಂತ್ರದ ಹತ್ತಿರದಿಂದ ಓಡಿಬಂದು ಮೈಕಿಗೆ ಬಾಯಿ ಹಚ್ಚಿದರು. “ಸಾರ್, ಜೋಡಿಸೋ ಪ್ಲೇಟು ಇಪ್ಪತ್ನಾಲ್ಕೂ ರೆಡಿ. ತೂತು ಕೊರೆಯೋದಾ?”

ಬೋಲ್ಟಿನ ರಂಧ್ರಗಳ ನಡುವಿನ ಅಂತರ ಆಗ ಎಪ್ಪತ್ತು ಮಿಲಿಮೀಟರ್ ಇತ್ತು. ಅದು ಸಾಲದು, ಎಂಬತ್ತು ಬೇಕು ಎಂದು ಲೆಕ್ಕದಕ್ಕ ಹಿಂದಿನ ಸಂಜೆಯಷ್ಟೇ ನನಗೆ ಫೋನಿನಲ್ಲಿ ಹೇಳಿದ್ದರು. ತಿದ್ದಿದ ನಕ್ಷೆ ಇನ್ನೂ ನನ್ನ ಮೇಜಿನ ಮೇಲೇ ಇತ್ತು. ಇದೆಲ್ಲ ಗೊತ್ತಿದ್ದೂ ನನ್ನ ಗಂಟಲು ತುರಿಸಿತು. ಎರಡು ಸಲ ಕೆಮ್ಮಿದೆ.

“ಹ್ಞಾಂ... ಸರಿ, ಕೊರೀರಿ.”

ನಗಲು ಬಾಯಿ ತೆರೆದೆ. ಆ ಕ್ಷಣಕ್ಕೇ ನಮ್ಮ ಬೀದಿಯ ಕರೆಂಟು ಹೋಯಿತು. ಮತ್ತೆ ಬರುವಷ್ಟರಲ್ಲಿ ಸಭೆ ಮುಗಿದಿತ್ತು. ಮೇಸ್ತ್ರಿಗೆ ಗೊತ್ತಾಗಿಯೇ ಇರುತ್ತದೆ ಎಂದುಕೊಂಡೆ. ಫೋನೆತ್ತಿ ಒಂದು ಸಾಲು ಬರೆಯಬಹುದಿತ್ತು, ಬರೆಯಲಿಲ್ಲ.

ಬುಧವಾರ ಸಭೆ ನಡೆಯಲಿಲ್ಲ. ಗುರುವಾರ ನಾನು ತಿದ್ದಿದ ನಕ್ಷೆ ಕಳಿಸಿದೆ. ಸಭೆಯಲ್ಲಿ ಮೇಸ್ತ್ರಿ ಅದನ್ನು ತೆರೆದರು. “ಎಂಬತ್ತಾ? ಸಾರ್, ಪ್ಲೇಟೆಲ್ಲಾ ಎಪ್ಪತ್ತಕ್ಕೆ ಕೊರೆದಾಯ್ತಲ್ಲ!”

“ಯಾರು ಹೇಳಿದ್ದು ಕೊರೆಯೋಕೆ?”

“ನೀವೇ ಸಾರ್. ಮಂಗಳವಾರ. ನನ್ನ ಜೊತೆ ಇಬ್ಬರು ಕೆಲಸದವರು ನಿಂತಿದ್ರು, ಅವರೂ ಕೇಳಿಸ್ಕೊಂಡಿದ್ದಾರೆ.”

ದೊಡ್ಡವರು ಮೇಸ್ತ್ರಿಯ ಮೇಲೆ ಹರಿಹಾಯುತ್ತಾರೆ, ಆ ಗದ್ದಲದ ನಡುವೆ ನನ್ನ ತಪ್ಪನ್ನು ಮೆಲ್ಲಗೆ ಹೇಳಿಬಿಡೋಣ ಎಂದು ಕಾದೆ. ಅವರು ಹರಿಹಾಯಲಿಲ್ಲ.

“ನಾನು ಹೇಳಿದ್ನಾ?” ಎಂದರು. ದನಿಯಲ್ಲಿ ಕೆಮ್ಮಿರಲಿಲ್ಲ, ಎಳೆತವಿರಲಿಲ್ಲ. “ಮೂರು ಜನ ಕೇಳಿದ್ದಾರೆ ಅಂದ್ರೆ ಹೇಳಿರ್ತೀನಿ. ತಪ್ಪು ನಂದು, ಮೇಸ್ತ್ರಿ. ನಿಮ್ಮ ಮೇಲೆ ಏನೂ ಬರದ ಹಾಗೆ ನೋಡ್ಕೋತೀನಿ.”

ನನ್ನ ಮೈಕು ಮುಚ್ಚಿತ್ತು. ಅದನ್ನು ತೆರೆಯುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಸಭೆ ಮುಗಿಯುವವರೆಗೂ ಕೂತಿದ್ದೆ. ಒತ್ತಲಿಲ್ಲ.

ಶನಿವಾರ ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಫೋನು ಬಂತು. ದೊಡ್ಡವರ ಹೆಂಡತಿ.

“ಗಿಣಿ ಅನ್ನೋರು ನೀವೇನಪ್ಪಾ? ನಮ್ಮನೆಯವರು ನಿಮ್ಮ ಮಾತು ಹೇಳ್ತಾ ಇರ್ತಾರೆ. ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ. ಗ್ಯಾಸ್ ಆರಿಸಿದ್ದು, ಬೀಗ ಹಾಕಿದ್ದು, ಎಲ್ಲಾ ಚೀಟೀಲಿ ಬರೆದಿಡ್ತಿದ್ದಾರೆ. ಅವರ ಅಣ್ಣನಿಗೂ ಹಿಂಗೇ ಶುರುವಾಗಿದ್ದು ನೋಡಿ. ಕೊನೆಗೆ ಹೆತ್ತ ಮಕ್ಕಳ ಗುರುತೂ ಇರಲಿಲ್ಲ.”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಸೋಮವಾರ ಕೆಲಸ ಬಿಟ್ಟೆ ಅಂತ ಹೇಳಿಬಿಡ್ತಾರಂತೆ. ಜನ ಓಡಾಡೋ ಸೇತುವೆ, ಮರೆವಿನವನ ಕೈಲಿ ಇರಬಾರದು ಅಂತಾರೆ. ನೀವಾದ್ರೂ ಒಂದ್ಮಾತು ಹೇಳಿ.”

“ಹೇಳ್ತೀನಮ್ಮಾ,” ಎಂದೆ. ಅದು ನನ್ನ ಸ್ವಂತ ದನಿಯೇ ಆಗಿತ್ತು, ಆದರೆ ನನಗೇ ಗುರುತು ಸಿಗಲಿಲ್ಲ. ಒಬ್ಬ ಮನುಷ್ಯನ ದನಿ ಕದ್ದರೆ ಅವನ ಬುದ್ಧಿಯೂ ಜೊತೆಗೆ ಕಳೆದುಹೋಗಬಹುದೆಂದು ನಾನು ಎಣಿಸಿರಲಿಲ್ಲ.

ಸೋಮವಾರ ಹತ್ತಕ್ಕೆ ದೊಡ್ಡವರು ಕಾಗದ ಬಿಡಿಸುವ ಸದ್ದು ಕೇಳಿತು. “ಒಂದು ವಿಷಯ ಹೇಳೋದಿದೆ...”

“ಸಾರ್, ಮೊದಲು ನಾನು. ಮಂಗಳವಾರ ಕೊರೀರಿ ಅಂದಿದ್ದು ನೀವಲ್ಲ, ನಾನು.”

ದೊಡ್ಡವರು ಬಲು ಮೆತ್ತಗೆ, “ಬೇಡಪ್ಪಾ. ನನ್ನ ಸಮಾಧಾನಕ್ಕೆ ನಿನ್ನ ಹೆಸರು ಕೆಡಿಸ್ಕೋಬೇಡ. ನಮ್ಮನೆಯವಳು ಫೋನ್ ಮಾಡಿದ್ಳಾ?” ಎಂದರು.

“ಮಾಡಿದ್ರು. ಆದ್ರೂ ನಾನೇ ಸಾರ್!”

“ಏ, ಅದು ಸಾರ್ ದನೀನೇ ಕಣೋ,” ಎಂದರು ಮೇಸ್ತ್ರಿ. “ನೀನಾಗಿದ್ರೆ ನಗ್ತಿದ್ದೆ.”

ನಗುವಷ್ಟರಲ್ಲಿ ಕರೆಂಟು ಹೋಯಿತು ಎಂದೆ, ಯಾರೂ ನಂಬಲಿಲ್ಲ. ತಪ್ಪು ಮಾಡುವುದಕ್ಕಿಂತ ಅದನ್ನು ಸಾಬೀತು ಮಾಡುವುದೇ ಕಷ್ಟವಾಯಿತು. ಕ್ಯಾಮೆರಾ ತೆರೆದೆ. ಬಾಚದ ತಲೆ, ನಿದ್ದೆಗೆಟ್ಟ ಕಣ್ಣು, ಹಿಂದೆ ಒಣಹಾಕಿದ ಬಟ್ಟೆ, ಎಲ್ಲವೂ ತಂಡಕ್ಕೆ ಮೊದಲ ಸಲ ಕಂಡವು.

“ನನ್ನ ತುಟಿ ನೋಡಿ ಸಾರ್.”

ಜೀವಮಾನದಲ್ಲೇ ಮೊದಲ ಸಲ ಅಣಕಿಸಲು ಹೆದರಿದೆ. ಎರಡು ಸಲ ಕೆಮ್ಮಿದೆ. “ಹ್ಞಾಂ... ಸರಿ, ಕೊರೀರಿ.”

“ಅಯ್ಯೋ ಪಾಪಿ!” ಎಂದರು ಲೆಕ್ಕದಕ್ಕ.

“ನನ್ನ ಇಪ್ಪತ್ನಾಲ್ಕು ಪ್ಲೇಟೋ!” ಎಂದು ಮೇಸ್ತ್ರಿ ಶುರು ಮಾಡಿದರು. ಮುಂದಿನದನ್ನು ಇಲ್ಲಿ ಬರೆಯಲಾಗದು. “ಕರೆಂಟು ಹೋಯ್ತು ಸರಿ, ಕೈಯೂ ಬಿದ್ದು ಹೋಗಿತ್ತೇನೋ? ಒಂದು ಸಾಲು ಬರೆಯಕ್ಕಾಗಲಿಲ್ವಾ? ಗುರುವಾರ ಸಾರ್ ತಪ್ಪು ಒಪ್ಕೊಂಡಾಗ ಎಲ್ಲಿ ಸತ್ತಿದ್ದೆ?”

“ಇಲ್ಲೇ ಇದ್ದೆ,” ಎಂದೆ. “ಮೈಕ್ ಮುಚ್ಕೊಂಡು.”



ಅಷ್ಟರಲ್ಲಿ ದೊಡ್ಡವರ ಹೆಸರಿದ್ದ ಚೌಕದಲ್ಲಿ ಬೆಳಕು ಮೂಡಿತು. ಭೂಮಿಯ ಕೆಳಗಿನ ದನಿಗೆ ಬೆಟ್ಟದಂಥ ಆಳು ಇರಬೇಕೆಂದು ನಾವು ಭಾವಿಸಿದ್ದೆವು. ಕಂಡದ್ದು ಕುರ್ಚಿ ತುಂಬದ, ಸಣಕಲು ಮನುಷ್ಯ. ಕೈಯಲ್ಲಿ ಆ ಕಾಗದ, ಮೇಜಿನ ತುಂಬ ಚೀಟಿಗಳು. ಅವರು ನನ್ನನ್ನೇ ನೋಡುತ್ತಿದ್ದರು.

“ಅಂದ್ರೆ ನಾನು ಮರೆತಿಲ್ಲ,” ಎಂದರು.

“ಇಲ್ಲ ಸಾರ್. ನೀವು ಹೇಳೇ ಇಲ್ಲ.”

“ಬಾಗಿಲಿಗೆ ಹೋಗಿದ್ದೆ. ಕೊರಿಯರ್‌ನವನು ಬಂದಿದ್ದ. ನೆನಪಿದೆ ನನಗೆ. ನೀಲಿ ಅಂಗಿ ಹಾಕಿದ್ದ. ನೆನಪಿದೆ!”

“ಆ ಪ್ಲೇಟುಗಳ ಗತಿ ಏನು ಸಾರ್?” ಎಂದರು ಮೇಸ್ತ್ರಿ.

“ಹೊಸ ಪ್ಲೇಟು ತರಿಸೋಣ. ಹಳೇದರ ಮೇಲೆಲ್ಲಾ ‘ಬಳಸಬಾರದು’ ಅಂತ ಗಿಣಿ ಬಂದು ಬಣ್ಣದಲ್ಲಿ ಬರೀಲಿ, ನಿಮ್ಮ ಕಣ್ಮುಂದೆ. ಇನ್ಮೇಲೆ ನಾನು ಬಾಯಲ್ಲಿ ಹೇಳಿದ್ರೂ ಬರಹದಲ್ಲಿ ಬರೋವರೆಗೂ ಮುಟ್ಟಬೇಡಿ. ನೀವೂ ಅದನ್ನೇ ತಿರುಗಿ ಬರೆದು ಕಳಿಸಿ.” ಹೇಳುತ್ತ ಹೇಳುತ್ತ ಕಾಗದವನ್ನು ನಾಲ್ಕಾಗಿ ಹರಿದರು. ಆಮೇಲೆ ಒಳಗೆ ತಿರುಗಿ ಕೂಗಿದರು. “ಏ ಇವಳೇ! ಬಾ ಇಲ್ಲಿ, ಬೇಗ!”

ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅವರ ಹೆಂಡತಿ ಬಂದು ಹಿಂದೆ ನಿಂತರು. ದೊಡ್ಡವರು ಆಕೆಯತ್ತ ಬೆನ್ನು ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದು ಕೂತರು. ಇನ್ನೊಂದು ಸಲ ಹೇಳು ಎಂದು ನನಗೆ ಕಣ್ಸನ್ನೆ ಮಾಡಿದರು.

ನಾನು ಕೆಮ್ಮಿದೆ, ಎಳೆದೆ, ಕೊರೆಯಲು ಅಪ್ಪಣೆ ಕೊಟ್ಟೆ.

ಆಕೆ ಪರದೆಯನ್ನು ನೋಡಲೇ ಇಲ್ಲ. ಗಂಡನ ಬೆನ್ನಿಗೇ ಹೇಳಿದರು. “ಅದನ್ನ ಹೇಳೋಕೆ ನನ್ನ ಯಾಕೆ ಕರೆದ್ರಿ?”

ಲೆಕ್ಕದಕ್ಕನಿಗೆ ನಗು ತಡೆಯಲಾಗಲಿಲ್ಲ, ಆ ಸದ್ದಿಗೆ ಮಗು ಎದ್ದುಬಿಟ್ಟಿತು. ಬೈಯುತ್ತಲೇ ಇದ್ದ ಮೇಸ್ತ್ರಿಯ ಬೈಗುಳ ನಡುವೆಲ್ಲೋ ನಗೆಯಾಗಿ ಮುರಿಯಿತು. ನಾನು ಮಾತ್ರ ನಗಲಿಲ್ಲ, ನನಗೆ ಆ ಹಕ್ಕಿರಲಿಲ್ಲ. ಇವರೆಲ್ಲರ ಸದ್ದನ್ನೂ ಮುಳುಗಿಸಿ ನಕ್ಕವರು ದೊಡ್ಡವರು. ಕನ್ನಡಕ ತೆಗೆದಿಟ್ಟು, ಮೇಜು ಹಿಡಿದುಕೊಂಡು, ಕಣ್ಣೀರು ಒರೆಸದೆ, ಚೀಟಿಗಳೆಲ್ಲ ಹಾರಿ ನೆಲಕ್ಕೆ ಬೀಳುವ ಹಾಗೆ ನಕ್ಕರು. ಆ ನಗುವನ್ನು ಅಣಕಿಸಲು ನಾನು ಇವತ್ತಿನವರೆಗೂ ಪ್ರಯತ್ನಪಟ್ಟಿಲ್ಲ.