ತೋಟಪ್ಪನ ಎದೆಪಟ್ಟಿ

ನನ್ನ ನೆನಪು ಕೆಟ್ಟಿದೆ ಎಂದು ಈ ವಾಟ್ಸಾಪ್ ಗುಂಪಿನಲ್ಲಿ ನಗುವವರು ಮೊದಲು ಬಾಯಿ ಮುಚ್ಚಿ. ತೊಂಬತ್ತೆಂಟನೇ ಇಸವಿಯಲ್ಲಿ ಎದೆಬಡಿತ ತೋರಿಸುವ ಗಡಿಯಾರ ಎಲ್ಲಿತ್ತಜ್ಜಾ ಎನ್ನುತ್ತೀರಿ. ಇತ್ತು. ಈಗಿನಂತೆ ಬರೀ ಕೈಗೆ ಕಟ್ಟುವುದಲ್ಲ. ಎದೆಗೊಂದು ರಬ್ಬರಿನ ಪಟ್ಟಿ ಬಿಗಿಯಬೇಕು, ಅದು ಬಡಿತ ಹಿಡಿದು ಕೈಗಡಿಯಾರಕ್ಕೆ ಕಳಿಸಬೇಕು. ನೀವು ಹುಟ್ಟಿರಲಿಲ್ಲ ಎಂದರೆ ಲೋಕದಲ್ಲಿ ಏನೂ ಇರಲಿಲ್ಲವೇನು?

ಕಟ್ಟಿಕೊಂಡವನು ನನ್ನ ತಂಗಿ ಶಾಂತಕುಮಾರಿಯ ಗಂಡ ತೋಟಪ್ಪ. ದಾವಣಗೆರೆಯ ಕರೂರಿನಲ್ಲಿ ಅವಲಕ್ಕಿ ಮಿಲ್ಲು ನಡೆಸುತ್ತಿದ್ದ. ಒಮ್ಮೆ ಎದೆ ಹಿಡಿದುಕೊಂಡು ಬಿದ್ದು, ಹೇಗೋ ಉಳಿದಿದ್ದ. ಮುಂಬಯಿಯಲ್ಲಿದ್ದ ಅವನ ತಮ್ಮ ಗಡಿಯಾರ ತಂದುಕೊಟ್ಟ. ಡಾಕ್ಟರು, "ಸುಮ್ಮನೆ ಕೂತಾಗ ನೂರಿಪ್ಪತ್ತು ದಾಟಿದ್ರೆ ಓಡಿ ಬರ್ರಿ. ಇನ್ನೊಂದ್ಸಲ ತಡ ಮಾಡಿದ್ರೆ ನನ್ನ ಕೈಲಿಲ್ಲ" ಎಂದಿದ್ದರು.

ಅಲ್ಲಿಂದ ಆ ಮನೆಯ ನಿದ್ದೆ ಕೆಟ್ಟಿತು. ಬೆಳಿಗ್ಗೆ ಪೂಜೆ ಮುಗಿಸಿ ಕೂತರೆ ಗಡಿಯಾರ ಇನ್ನೂರು ತೋರಿಸುವುದು, ಮರುಗಳಿಗೆ ಸೊನ್ನೆ. ಆಟೋ ಹಿಡಿದು ಓಡುವರು. ಆಸ್ಪತ್ರೆಯಲ್ಲಿ ನೋಡಿದರೆ ಎಲ್ಲ ಸರಿ. ಕಡೆಗೆ ನರ್ಸು ಅಂಬಿಕಾ ಕೇಳಿಯೇಬಿಟ್ಟಳು: "ಏನ್ರೀ ಸಾವ್ಕಾರ್ರೇ, ಇಲ್ಲಿಗೆ ಬರಾಕೆ ಪಾಸ್ ಮಾಡಿಸ್ಕಂಡೀರೇನು?"

ರಿಪೇರಿ ಕೆಲಸ ಗೊತ್ತಿದ್ದವನೆಂದು ಹರಿಹರದಿಂದ ನನ್ನನ್ನು ಕರೆಸಿದರು. ಗಡಿಯಾರದ ಸೆಲ್ ಬದಲಿಸಿದೆ. ಪಟ್ಟಿ ಬಿಗಿ ಮಾಡಿದೆ. ಮಿಲ್ಲಿನ ಮೋಟಾರಿನಿಂದ ದೂರ ಕೂರಿಸಿದೆ. ವಿಚಿತ್ರವೆಂದರೆ, ಮಿಲ್ಲಿನಲ್ಲಿ ಮೈ ಬೆವೆತ ಮೇಲೆ ಅಂಕಿ ಸರಿಯಾಗಿಯೇ ಬರುತ್ತಿತ್ತು. ಮನೆಯಲ್ಲಿ ಮಾತ್ರ ಅದಕ್ಕೆ ಹುಚ್ಚು. ಸರಿ, ಒಂದು ಬೆಳಿಗ್ಗೆ ಪೂಜೆಯ ಹೊತ್ತಿಗೇ ಹೋಗಿ ಕೂತೆ.

ತಂಗಿ ನಂದಿಗುಡಿ ಮಠದಿಂದ ವಿಭೂತಿ ತರಿಸಿದ್ದಳು. ಮೊದಲೆಲ್ಲ ಮೂರು ಬೆರಳಿನಲ್ಲಿ ಹಚ್ಚುತ್ತಿದ್ದವಳು, ಹೆದರಿಕೆ ಹೆಚ್ಚಿದಂತೆ ಅಂಗೈ ತುಂಬ ಗಂಡನ ಎದೆಗೆ ಬಳಿಯತೊಡಗಿದ್ದಳು. ಅದರ ಮೇಲೆ ಪಟ್ಟಿ!

"ಲೇ ಶಾಂತಿ, ಗಂಡಗೆ ಸುಣ್ಣ ಬಳೀತೀಯೇನೇ? ಮಿಲ್ನಾಗೆ ಬೆವರಿಗೆ ತೋಯ್ತೈತೆ, ಮನ್ಯಾಗೆ ಅದು ಒಣಗಿದ್ಮ್ಯಾಲೆ ಪಟ್ಟಿಗೆ ಮೈ ಎಲ್ಲಿ ತಾಗ್ತೈತೆ?"

"ವಿಭೂತಿಯಿಂದ್ಲೇ ಅವ್ರು ಉಳದಾರ. ಬೇಕಾದ್ರೆ ನಿನ್ನ ಪಟ್ಟಿ ಬಿಚ್ಚು. ಇದನ್ನ ಅಳ್ಸಾಕೆ ಬಿಡಲ್ಲ."

ತೋಟಪ್ಪನೇ ನಡುವೆ ಬಂದ: "ಹಣಿಗೆ ಹಚ್ಚು, ತೋಳಿಗೆ ಹಚ್ಚು. ಪಟ್ಟಿ ಜಾಗ ಒಂದು ಬಿಡೇ ಮಾರಾಯ್ತಿ."

ಅಳುತ್ತಲೇ ಒಪ್ಪಿದಳು. ಒದ್ದೆ ಬಟ್ಟೆಯಿಂದ ತಾನೇ ಒರೆಸಿದಳು. ಪಟ್ಟಿ ಕಟ್ಟಿದೆವು. ಎಪ್ಪತ್ತಾರು. ಅಂಕಿ ಅಲ್ಲಾಡಲಿಲ್ಲ.

ಒಂದು ವಾರ ಚೆನ್ನಾಗಿತ್ತು. ಆಮೇಲೊಂದು ಬೆಳಿಗ್ಗೆ, ನಾನು ಅಲ್ಲಿದ್ದಾಗಲೇ, ನೂರೈವತ್ತು ಬಂತು. ತೋಟಪ್ಪ ನಕ್ಕ. "ನಿನ್ನ ತಂಗಿ ಕದ್ದು ಬಳದಾಳ ನೋಡೋ. ನಾ ಮಿಲ್ಲಿಗೆ ಹೊಂಟೆ." ಚಪ್ಪಲಿಯನ್ನೂ ಮೆಟ್ಟಿದ.

ಶಾಂತಿ ಬಾಗಿಲಿಗೆ ಅಡ್ಡ ನಿಂತಳು. "ನಾ ಹಚ್ಚಿಲ್ಲ. ಅಂಗಿ ಬಿಚ್ರಿ."

ಎದೆಯ ಮೇಲೆ ಬೂದಿಯ ಗುರುತೂ ಇರಲಿಲ್ಲ. ಮಣಿಕಟ್ಟು ಹಿಡಿದೆ. ನಾಡಿ ಎಣಿಕೆಗೆ ಸಿಗದ ಹಾಗೆ ಓಡುತ್ತಿತ್ತು. ಈ ಸಲ ಆಸ್ಪತ್ರೆಯಲ್ಲಿ ಅಂಬಿಕಾ ತಮಾಷೆ ಮಾಡಲಿಲ್ಲ, ಸ್ಟ್ರೆಚರ್ ಎಳೆದುಕೊಂಡು ಓಡಿ ಬಂದಳು.

ಸ್ವಲ್ಪ ತಡವಾಗಿದ್ದರೂ ಹೋಗುತ್ತಿದ್ದ ಎಂದರು ಡಾಕ್ಟರು. ಉಳಿದ. ಇನ್ನೂ ಹತ್ತು ವರ್ಷ ಅವಲಕ್ಕಿ ಕುಟ್ಟಿಸಿದ. ಆದರೆ ಅವತ್ತು ವಾರ್ಡಿನ ಹೊರಗೆ ಶಾಂತಿ ನನ್ನ ಮುಖ ನೋಡಿ ಹೇಳಿದ್ದು ಇಷ್ಟೇ: "ಒರಸ್ಬಾರ್ದಿತ್ತು ಅಣ್ಣ. ನಾ ಒರಸಿದ್ದಕ್ಕೇ ಹಿಂಗಾತು."

ಎಷ್ಟು ಹೇಳಿದರೂ ಕೇಳಲಿಲ್ಲ. ಈಗಲೂ ನನ್ನ ಮನೆಗೆ ಬಂದರೆ ಊಟಕ್ಕೆ ಕೂರದೆ, ಬರೀ ನೀರು ಕುಡಿದು ಎದ್ದು ಹೋಗುತ್ತಾಳೆ.

ಅವಳ ಮೊಮ್ಮಗಳು ಸ್ನೇಹಾ ಈ ಗುಂಪಿನಲ್ಲಿದ್ದಾಳೆ. ಮಗಾ, ಇದನ್ನು ನಿನ್ನ ಅಜ್ಜಿಗೆ ಕೇಳಿಸು. ಒರೆಸಿದ್ದಕ್ಕೇ ಆ ಅಂಕಿಯನ್ನು ನಂಬಿದೆವು, ನಂಬಿದ್ದಕ್ಕೇ ಅವನು ಬದುಕಿ ಸಿಕ್ಕ ಎಂದು ಹೇಳು. ನನ್ನ ದನಿ ಕೇಳಿ ಫೋನು ಕಿತ್ತುಕೊಂಡರೆ, ನೀನೇ ಬಾಯಲ್ಲಿ ಹೇಳು.