ಕೇಳಿ ಕಟ್ಟಿದ ಮನೆ

ಈ ಕಥೆಯನ್ನು ಮೊದಲು ಹೇಳಿದವಳು ಇದರಲ್ಲಿ ಬರುವ ವಾಸ್ತುಶಿಲ್ಪಿಯ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ ಹೆಂಗಸು. ಹೇಳಿದ್ದು ಕಟ್ಟಡದ ಪರವಾನಗಿ ಕೊಡುವ ಕಚೇರಿಯ ಪಡಸಾಲೆಯಲ್ಲಿ, ಕರೆಂಟು ಹೋಗಿ ಫ್ಯಾನುಗಳೆಲ್ಲ ನಿಂತಿದ್ದ ಒಂದು ಬೇಸಗೆಯ ಮಧ್ಯಾಹ್ನ. ಕೇಳಿದವರು ಅಲ್ಲಿ ಸರದಿಗಾಗಿ ಕಾಯುತ್ತಿದ್ದ ನಾವು ಕೆಲವರು. ಮುಂದೆ ಇದರ ಕೊನೆಯ ಭಾಗವನ್ನು, ಕಥೆ ನಡೆದ ಸಂಜೆ ಮನೆ ಕಟ್ಟುವ ಜಾಗದಲ್ಲಿದ್ದ ಮೇಸ್ತ್ರಿಯ ಬಾಯಲ್ಲೂ ಕೇಳಿದ್ದೇನೆ. ಎರಡು ಪಾಠಗಳು ಬೇರೆಯಾಗುವಲ್ಲಿ ಅವಳದನ್ನೇ ಅನುಸರಿಸಿದ್ದೇನೆ. ಅವನ ಮನಸ್ಸಿನೊಳಗಿನದು ಅವಳಿಗೆ ಹೇಗೆ ತಿಳಿಯಿತೆಂದು ವಿಚಾರಿಸಿದ್ದಕ್ಕೆ, "ಮಾರನೇ ದಿನ ಅವರೇ ಹೇಳಿದ್ರು. ನಕ್ಷೇಲಿ ತಿದ್ದುಪಡಿ ಹೇಳೋ ಥರ, ನನ್ನ ಮುಖ ನೋಡದೆ" ಎಂದಳು.

ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಅವನು ಕೈಯಲ್ಲೇ ಹಿಡಿದು ನಿಂತಿದ್ದ. ಸ್ಟೀಲಿನ ಲೋಟ, ಕಲ್ಲಿನ ಕಟ್ಟೆ, ಇಟ್ಟರೆ ಸದ್ದಾಗುತ್ತದೆ. ಬಟ್ಟೆಬೀರುಗಳ ಕೋಣೆಯ ಬಾಗಿಲ ಹಿಡಿಗೆ ಕೆಂಪು ಕರವಸ್ತ್ರ ಕಟ್ಟಿತ್ತು. ಅದು ಅಲ್ಲಿರುವಷ್ಟು ಹೊತ್ತು ಆ ಬಾಡಿಗೆ ಮನೆಯಲ್ಲಿ ನಲ್ಲಿ ತಿರುಗಿಸುವಂತಿಲ್ಲ, ಮಿಕ್ಸಿ ಹಾಕುವಂತಿಲ್ಲ, ಸೀನು ಬಂದರೆ ಬಾಲ್ಕನಿಗೆ ಓಡಬೇಕು. ಒಳಗೆ ಅವನ ಹೆಂಡತಿ, ಸುತ್ತ ತೂಗುಬಿಟ್ಟ ಕೋಟು, ಸೀರೆ, ಕಂಬಳಿಗಳ ನಡುವೆ ಸ್ಟೂಲಿನ ಮೇಲೆ ಕುಳಿತು, ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿ ಮುದ್ರಿಸುತ್ತಿದ್ದಳು.

ಊರಿಗೆಲ್ಲ ಮನೆ ಕಟ್ಟಿಕೊಡುವವನ ಹೆಂಡತಿ ಬೀರುವಿನಲ್ಲಿ ಕೆಲಸ ಮಾಡುತ್ತಾಳೆ. ಇದು ಅವನನ್ನು ಚಪ್ಪಲಿಗೆ ಸಿಕ್ಕ ಹರಳಿನ ಹಾಗೆ ವರ್ಷಗಳಿಂದ ಚುಚ್ಚುತ್ತಿತ್ತು.

ಇನ್ನು ಚುಚ್ಚಬೇಕಾಗಿಲ್ಲ. ಊರಾಚೆಯ ಇಳಿಜಾರಿನಲ್ಲಿ ಅವರು ಕೊಂಡ ಜಾಗದ ಮೇಲೆ ಇವತ್ತು ಸಂಜೆ ಸುಣ್ಣದ ಪುಡಿಯಲ್ಲಿ ಮನೆಯ ಗೆರೆ ಎಳೆಯುತ್ತಾರೆ; ನಾಳೆ ಪಾಯ ಅಗೆಯುತ್ತಾರೆ. ನಕ್ಷೆಯಲ್ಲಿ ಮೊದಲು ಹುಟ್ಟಿದ್ದು ಅವಳ ಓದುಕೋಣೆ. ಉಳಿದ ಮನೆ ಅದರ ಸುತ್ತ ಬೆಳೆದದ್ದು. ಅವಳು ಬಂದು, ನೋಡಿ, ಹೂಂ ಅನ್ನುವುದೊಂದೇ ಬಾಕಿ.

ಕರವಸ್ತ್ರ ಬಿಚ್ಚಿ ಅವಳು ಹೊರಬಂದಳು. ಕೂದಲಿಗೆ ಕಂಬಳಿಯ ಎಳೆ ಅಂಟಿತ್ತು.

"ಲೋಟ ಯಾಕೆ ಹಾಗೆ ಹಿಡ್ಕೊಂಡಿದೀಯ? ಯಾರಾದ್ರೂ ಬಹುಮಾನ ಕೊಟ್ರಾ?"

"ಸಂಜೆ ಬರ್ತೀಯಲ್ಲ?"

"ಬರ್ತೀನಿ ಅಂದಿದ್ನಲ್ಲ."

"ನೋಡಿ ಹೂಂ ಅಂದ್ಬಿಡು. ನಾಳೆ ಅಗೆಯೋಕೆ ಜನ ಬರ್ತಾರೆ."

"ಜಾಗ ಹೂಂ ಅಂದಿದೆಯಲ್ಲ. ಆಮೇಲೆ ನಂದೇನು" ಎಂದು ಅವಳು ಅವನ ಕೈಯಿಂದ ಲೋಟ ತೆಗೆದುಕೊಂಡು, ಸದ್ದಾಗುವಂತೆಯೇ ಕಟ್ಟೆಯ ಮೇಲಿಟ್ಟಳು.

ಅವನನ್ನು ಹೆಸರುವಾಸಿ ಮಾಡಿದ್ದು ಒಂದೇ ಮಾತು: ಕಟ್ಟುವ ಮುಂಚೆ ಜಾಗವನ್ನು ಕೇಳಬೇಕು. ಉಪನ್ಯಾಸಗಳಲ್ಲಿ ಅವನು ಅದನ್ನು ಬಿಡಿಸಿ ಹೇಳುತ್ತಿದ್ದ. ನಮ್ಮ ಭಾಷೆಯಲ್ಲಿ ಪ್ರಶ್ನೆ ಹಾಕುವುದಕ್ಕೂ ಕಿವಿಗೊಡುವುದಕ್ಕೂ ಒಂದೇ ಪದ. ಕೇಳಿದವನು ಕೇಳಿಸಿಕೊಳ್ಳಲೂ ಬೇಕೆಂದು ಭಾಷೆಯೇ ಕಟ್ಟುಮಾಡಿದೆ. ಮಾತು ಇಲ್ಲಿಗೆ ಬಂದಾಗ ಸಭೆ ಚಪ್ಪಾಳೆ ತಟ್ಟುತ್ತಿತ್ತು. ಕೆಲಸದವರು ಅವನ ಬೆನ್ನ ಹಿಂದೆ ಅವನನ್ನು 'ಕಿವಿ ಸಾಹೇಬ್ರು' ಎನ್ನುತ್ತಿದ್ದರು.

ಬೂಟಾಟಿಕೆ ಅದರಲ್ಲಿರಲಿಲ್ಲ. ಅಪ್ಪನಿಗೆ ವರ್ಗವಾದಂತೆಲ್ಲ ಬದಲಾಗುತ್ತಿದ್ದ, ಎಲ್ಲ ಊರಿನಲ್ಲೂ ಒಂದೇ ಅಚ್ಚಿನ ವಸತಿಗೃಹಗಳಲ್ಲಿ ಅವನು ಬೆಳೆದಿದ್ದ. ಚಿಕ್ಕಂದಿನಲ್ಲಿ ಒಮ್ಮೆ ಶಾಲೆಯಿಂದ ಬಂದು, ಚೀಲ ಮೂಲೆಗೆಸೆದು, ಕೈಕಾಲು ತೊಳೆದುಕೊಂಡು ಅಡುಗೆಮನೆಗೆ ಹೋದಾಗ ಅಲ್ಲಿದ್ದವಳು ಅಮ್ಮನಾಗಿರಲಿಲ್ಲ. ಆ ಹೆಂಗಸು ಗದರಲಿಲ್ಲ. "ನೀನು ಮೂರನೇ ಮನೆಯವನಲ್ವೇನೋ" ಎಂದು ಕೈಹಿಡಿದು ಕರೆದುಕೊಂಡು ಹೋಗಿ ಬಿಟ್ಟಳು. ಅಂದಿನಿಂದ ಅವನಿಗೆ ಒಂದೇ ಹಟ. ತಾನು ಕಟ್ಟುವ ಮನೆ ಅದು ನಿಂತ ಜಾಗ ಬಿಟ್ಟು ಬೇರೆಲ್ಲೂ ಇರಲು ಸಾಧ್ಯವಾಗಬಾರದು. ಒಳಗೆ ಬಂದವನಿಗೆ ತಾನೆಲ್ಲಿದ್ದೇನೆಂಬುದು ಎಂದೂ ತಪ್ಪಬಾರದು.

ಮಧ್ಯಾಹ್ನ ಬಂಡೆಮನೆಗೆ ಹೋಗಬೇಕಾಗಿತ್ತು. ಅವನೇ ಕಟ್ಟಿದ್ದು. ನಿವೇಶನದ ನಡುವೆ ಇದ್ದ ಬಂಡೆಯನ್ನು ಒಡೆಸದೆ ಹಜಾರದೊಳಕ್ಕೇ ತೆಗೆದುಕೊಂಡಿದ್ದ. ಅದರ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಈಗ ಬಂಡೆ ಬೆವರುತ್ತಿದೆ, ಬಂದು ನೋಡಿ ಎಂದು ಫೋನು ಬಂದಿತ್ತು.

ಚಿತ್ರದಲ್ಲಿ ಬರಿಮೈಯಲ್ಲಿದ್ದ ಬಂಡೆಯ ಮೇಲೆ ಈಗ ಒಗೆದ ದಿಂಬುಚೀಲ, ಔಷಧದ ಡಬ್ಬಿ, ಯಾರದೋ ಕಾಲುಚೀಲ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಆ ಮನೆಯ ಅಜ್ಜಿ. ಕಣ್ಣು ಮಂಜಾದ ಮೇಲೆ ಅವರು ಬಂಡೆಯನ್ನು ಸವರಿಕೊಂಡೇ ಓಡಾಡುತ್ತಿದ್ದರು.

"ಬಾಪ್ಪ. ನಿನ್ನ ಬಂಡೆ ನನ್ನ ಸೊಸೆಗಿಂತ ವಾಸಿ. ಎಷ್ಟು ಬೈದ್ರೂ ತವರಿಗೆ ಹೋಗಲ್ಲ."

"ಅತ್ತೆ, ನಾನು ಇಲ್ಲೇ ಇದೀನಿ" ಎಂದು ಅಡುಗೆಮನೆಯಿಂದ ಸೊಸೆ ಕೂಗಿದಳು.

"ಇದೀಯ ಅಂತ ಗೊತ್ತಿದ್ದೇ ಹೇಳಿದ್ದು ಕಣೆ."

ಅವನು ಮಂಡಿಯೂರಿ ಬಂಡೆಯ ಬುಡ ನೋಡತೊಡಗಿದ. ಮೇಲೆ ಔಷಧದ ಡಬ್ಬಿಯ ಪಕ್ಕದಲ್ಲಿ ಒಂದು ಸಣ್ಣ ಯಂತ್ರ ಮೆಲ್ಲಗೆ ಓದುತ್ತಿತ್ತು. ಹೆಣ್ಣುದನಿ. ಯಾರೋ ದೋಣಿಯಲ್ಲಿ ಹೊರಟ ಕಥೆ. ಕಥೆಗಿಂತ ದನಿ ಅವನನ್ನು ತಡೆದು ನಿಲ್ಲಿಸಿತು. ಅದರ ಸುತ್ತ ಗೋಡೆಯೇ ಇರಲಿಲ್ಲ. ಮಾರ್ದನಿ ಇಲ್ಲ, ಬೀದಿ ಇಲ್ಲ, ದೂರವೂ ಇಲ್ಲ. ಯಾರೂ ಇನ್ನೂ ಕಟ್ಟದ ಒಂದು ಕೋಣೆಯೊಳಗಿಂದ, ಕೇಳುವವನೊಬ್ಬನಿಗೇ ಎಂಬಂತೆ ಆ ಹೆಂಗಸು ಮಾತಾಡುತ್ತಿದ್ದಳು. ಕೈಯಲ್ಲಿದ್ದ ಟಾರ್ಚು ಆರಿಸಿ ಅವನು ಹಾಗೇ ಕುಳಿತ.

"ಯಾರದಜ್ಜಿ ಈ ದನಿ? ಬಹಳ ಚೆನ್ನಾಗಿದೆ."

ಅಜ್ಜಿ ಅವನತ್ತ ಮುಖ ತಿರುಗಿಸಿದರು. ಆಮೇಲೆ ಮೈಕುಲುಕುವಂತೆ ನಕ್ಕರು.

"ಹೆಂಡ್ತೀನ ಹೊಗಳೋಕೂ ಬಳಸಿ ಬಳಸಿ ಬರ್ತೀಯಲ್ಲೋ!"

ಅವನೂ ನಕ್ಕ. ಹಾಲು ತಂದ್ಯಾ, ಗ್ಯಾಸು ಮುಗೀತು, ಬೀಗ ಹಾಕಿದ್ಯಾ: ಈ ದನಿಯನ್ನು ಅವನು ಬಲ್ಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗುರುತಿಸಬಲ್ಲ. ಇದು ಬೇರೆ. ಇದನ್ನು ಅವಳು ಕೋಟು ಕಂಬಳಿಗಳ ನಡುವೆಯೇ ಬಿಟ್ಟು, ಬಾಗಿಲೆಳೆದುಕೊಂಡು ಬರುತ್ತಿದ್ದಳು. ಅವಳ ಒಂದೇ ಒಂದು ಪುಸ್ತಕವನ್ನೂ ತಾನು ಕೇಳಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು. ಬಿಡುವಾದಾಗ ಕೇಳೋಣವೆಂದು ಇಟ್ಟುಕೊಂಡದ್ದು, ಇಟ್ಟೇ ಹೋಗಿತ್ತು.

"ಒಂದೊಂದ್ಸಲ ಓದ್ತಾ ಓದ್ತಾ ನಿಲ್ಲಿಸ್ತಾಳೆ" ಎಂದರು ಅಜ್ಜಿ. "ಬರೀ ಉಸಿರು. ನಾನೂ ಉಸಿರು ಹಿಡ್ಕೊಂಡು ಕೂತಿರ್ತೀನಿ. ಯಾಕಪ್ಪ ನಿಲ್ಲಿಸ್ತಾಳೆ?"

"ಪುಟ ತಿರುಗಿಸೋಕಿರಬೇಕು."

"ಪುಟ ತಿರುಗಿಸೋದು ನಂಗೆ ಗೊತ್ತಾಗಲ್ವಾ."

ಬಂಡೆಯ ಬೆವರಿಗೆ ಏನು ಮಾಡಬೇಕೆಂದು ಸೊಸೆಗೆ ಏನೋ ಹೇಳಿ ಅವನು ಹೊರಟ. ಹೇಳಿದ್ದೇನೆಂದು ಕಾರು ಹತ್ತುವಷ್ಟರಲ್ಲಿ ಮರೆತಿತ್ತು.

ಸಂಜೆ ಇಳಿಜಾರಿನಲ್ಲಿ ಗೂಟ ಹೊಡೆದು ದಾರ ಕಟ್ಟಿ ಆಗಿತ್ತು. ಮೇಸ್ತ್ರಿ ದಾರದ ಗುಂಟ ಬಗ್ಗಿ ಸುಣ್ಣದ ಪುಡಿ ಉದುರಿಸುತ್ತ ಬರುತ್ತಿದ್ದ. ಬಿಳಿ ಗೆರೆಗಳು ಒಂದೊಂದಾಗಿ ಕೂಡಿ ಹಜಾರವಾದವು, ಅಡುಗೆಮನೆಯಾದವು. ಬಾಗಿಲಿರುವಲ್ಲಿ ಗೆರೆ ಕಡಿದಿತ್ತು. ಮನೆ ವಾಲಿದ ಮರವೊಂದನ್ನು ಬಳಸಿಕೊಂಡು, ಕಣಿವೆಯ ಗಾಳಿಗೆ ಎದೆಗೊಟ್ಟು, ರಸ್ತೆಗೆ ಬೆನ್ನು ತಿರುಗಿಸಿ ನಿಂತಿತ್ತು. ಬಹಳ ಹೊತ್ತಿನ ಮೇಲೆ ಅವನ ಉಸಿರು ಸರಾಗವಾಗಿ ಆಡಿತು.

ಅವಳು ರಸ್ತೆಯಲ್ಲಿ ಆಟೋ ಇಳಿದು ನೇರ ನಡೆದು ಬಂದಳು.

"ಅಮ್ಮಾ, ಅದು ಗೋಡೆ!" ಮೇಸ್ತ್ರಿ ಕೂಗಿದ.

ಅವಳು ಹಣೆ ಹಿಡಿದುಕೊಂಡಳು. "ಅಯ್ಯೋ, ಮೊದ್ಲೇ ಹೇಳ್ಬಾರ್ದಾ! ನೋಡಿ, ಬುಗುಟೆ ಬಂತು."

ಮೇಸ್ತ್ರಿ ಬಿದ್ದು ಬಿದ್ದು ನಕ್ಕ.

"ಬಾಗಿಲು ಆ ಕಡೆ" ಎಂದ ಅವನು. "ಮರ ಬಳಸ್ಕೊಂಡು ಬರಬೇಕು. ಇಳಿಜಾರು ತಾನಾಗೇ ಕರ್ಕೊಂಡು ಬರತ್ತೆ."

"ಹೋಗಿ ಮತ್ತೆ ಬರ್ಲಾ?"

"ಬೇಡ ಬೇಡ" ಎಂದ. ಬೇಕೆಂದೇ ಅನ್ನಿಸುತ್ತಿತ್ತು.

ಅವಳನ್ನು ಓದುಕೋಣೆಗೆ ಕರೆದುಕೊಂಡು ಹೋದ. ಮೂರು ಕಡೆ ತೆರೆದದ್ದು. ಮರದ ಕೊಂಬೆ ಒಳಗೇ ಚಾಚುತ್ತದೆ. ಕಣಿವೆಯಿಂದ ಗಾಳಿ ಎದ್ದು ಬಂದು ಎಲೆಗಳನ್ನು ತಡವಿ ಹೋಯಿತು. ಅವಳು ಕೋಣೆಯ ನಡುವೆ ಕಣ್ಣು ಮುಚ್ಚಿ ನಿಂತಳು. ಅವನು ಕಾದ. ಒಂದು ಹೂಂ.

"ಕೇಳ್ತಾ ಇದೆಯಾ?" ಎಂದ ಮೆಲ್ಲಗೆ.

"ಕೇಳ್ತಾ ಇದೆ. ಎಲೆ ಕೇಳ್ತಾ ಇದೆ. ಗಾಳಿ ಕೇಳ್ತಾ ಇದೆ. ಕೆಳಗೆಲ್ಲೋ ಲಾರಿ ಗೇರು ಬದಲಾಯಿಸಿದ್ದು ಕೇಳ್ತು." ಕಣ್ಣು ತೆರೆದಳು. "ನಾನಿಲ್ಲಿ ಹೇಗೋ ಓದ್ಲಿ?"

"ಗಾಜು ಹಾಕಬಹುದು. ದಪ್ಪನೆ ಗಾಜು."

"ಗಾಜಾಯ್ತು. ಆಮೇಲೆ ಪರದೆ. ಆಮೇಲೆ ಕಂಬಳಿ. ಆಮೇಲೆ ಒಂದು ಬೀರು ತಂದಿಟ್ಟು ಅದರೊಳಗೆ ಕೂತ್ಕೋಬೇಕು."

"ಈ ಜಾಗ ಕೇಳೋದು ಇದನ್ನ. ಇಲ್ಲಿ ಮುಚ್ಚಿದ ಕೋಣೆ ಕಟ್ಟೋದು ಅಂದ್ರೆ..."

"ನಾನು ಕೇಳೋದು?"

"ನೀನೇನು ಕೇಳ್ತೀಯ?"

ಅದು ಪ್ರಶ್ನೆಯಾಗಿಯೇ ಹೊರಟಿತ್ತು ಎಂದು ಅವನು ಮರುದಿನ ನಕ್ಷೆಯವಳ ಮುಂದೆ ಆಣೆ ಮಾಡಿದನಂತೆ. ಬಾಯಿಂದ ಆಚೆ ಬರುವಷ್ಟರಲ್ಲಿ ಅದು ಜಗಳದ ಮಾತಾಗಿತ್ತು. ಇಲ್ಲಿ ಅವಳು ನಕ್ಕಳೆಂದು ಮೇಸ್ತ್ರಿಯ ಪಾಠ. ನಕ್ಷೆಯವಳದರಲ್ಲಿ ನಗು ಇಲ್ಲ.

"ಈಗ ಕೇಳಿದೆಯಲ್ಲ" ಎಂದಳು ಅವಳು. "ಕೇಳಿದ್ದೇನೋ ಕೇಳ್ದೆ."

ಗಾಳಿ ನಿಂತಿತ್ತು. ಅವಳ ಸೀರೆಯಂಚು ತಗುಲಿ ಗೆರೆಯ ಪುಡಿ ಒಂದೆಡೆ ಚೆದುರಿತ್ತು. ಅವನಿಗೆ ಹೇಳಬೇಕಾಗಿತ್ತು: ಇವತ್ತು ನಿನ್ನ ದನಿ ಕೇಳಿದೆ, ಯಾರದೆಂದು ಗೊತ್ತಾಗಲಿಲ್ಲ, ಟಾರ್ಚು ಆರಿಸಿ ಕುಳಿತುಬಿಟ್ಟೆ. ಇದರಲ್ಲಿ ಯಾವುದನ್ನು ಮೊದಲು ಹೇಳಿದರೂ ಉಳಿದದ್ದು ತಪ್ಪಾಗುತ್ತಿತ್ತು.

"ಇವತ್ತು ನಿನ್ನ ದನಿ ಕೇಳಿದೆ" ಎಂದ.

"ದಿನಾ ಕೇಳ್ತೀಯಲ್ಲ."

"ಹೌದು" ಎಂದ.

ಅವಳು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು. ಓದುತ್ತ ಓದುತ್ತ ನಿಲ್ಲಿಸಿದ ಹಾಗೆ.

"ಮನೆ ಚೆನ್ನಾಗಿದೆ ಕಣೋ" ಎಂದಳು. "ಸುಳ್ಳಲ್ಲ. ಪಾಯ ತೆಗೆಸು. ನಾನು ಮಾತ್ರ ಆ ಬಾಡಿಗೆ ಮನೆ ಬಿಡಲ್ಲ."

"ಓದೋಕೆ ಇಟ್ಕೋತೀಯಾ? ಇಟ್ಕೋ. ದಿನಾ ಹೋಗಿ ಬರಬಹುದು."

ಅವಳು ಸೀರೆಗೆ ಅಂಟಿದ ಸುಣ್ಣ ಕೊಡವಿದಳು.

"ಓದೋಕೆ ಮಾತ್ರ ತಾನೆ?"

"ಕತ್ತಲಾಯ್ತು. ಕಾರಿನ ಬೀಗದ ಕೈ ಕೊಡು, ಕೂತಿರ್ತೀನಿ."

ಕೊಟ್ಟ. ಅವಳು ರಸ್ತೆಯತ್ತ ನೇರ ನಡೆದಳು. ಓದುಕೋಣೆಯ ಗೋಡೆ ದಾಟಿ, ಹಜಾರದ ಗೋಡೆ ದಾಟಿ, ಮಲಗುವ ಕೋಣೆಯನ್ನು ಮೂಲೆಯಿಂದ ಮೂಲೆಗೆ ಹಾದು. ಈ ಸಲ ಮೇಸ್ತ್ರಿ ಏನೂ ಕೂಗಲಿಲ್ಲ. ದಾರ ಸುತ್ತುತ್ತಿದ್ದ.

"ಸಾರ್, ನಾಳೆ ಬೆಳಿಗ್ಗೆ ಅಗೆಯೋಕೆ ಶುರು ಮಾಡಿಸ್ಲಾ?"

"ಕೇಳಿ ಹೇಳ್ತೀನಿ."

"ಇನ್ನೂ ಕೇಳೋದಿದೆಯಾ ಸಾರ್? ವರ್ಷಾನುಗಟ್ಟಲೆ ಇಲ್ಲೇ ಕೂತು ಕೇಳಿದ್ರಲ್ಲ!" ಎಂದು ಮೇಸ್ತ್ರಿ ನಗುತ್ತ ಗಾಡಿ ಹತ್ತಿ ಹೋದ.

ಕಾರಿನ ಒಳದೀಪ ಹೊತ್ತಿ ಆರಿತು. ಅವನೂ ಹೊರಡಲೆಂದು ಕಾಲೆತ್ತಿದ. ಎದುರಿಗೆ ಗೆರೆ. ಎತ್ತಿದ ಕಾಲು ಹಾಗೇ ಹಿಂದಕ್ಕೆ ಬಂತು. ಬಯಲಿನಲ್ಲಿ ಒಬ್ಬನೇ ನಿಂತಿದ್ದಾನೆ, ನಾಲ್ಕು ಹೆಜ್ಜೆ ಹಾಕಿದರೆ ರಸ್ತೆ, ನೋಡುವವರು ಯಾರೂ ಇಲ್ಲ, ಎಲ್ಲವೂ ಗೊತ್ತು. ಗೋಡೆಯ ಮೇಲೆ ಕಾಲಿಡಲು ಆಗಲಿಲ್ಲ. ಸರಿ, ಬಾಗಿಲಿಂದಲೇ ಹೋದರಾಯಿತು ಎಂದು ತಿರುಗಿದ.

ಮರ ಕತ್ತಲಲ್ಲಿ ಕರಗಿತ್ತು, ಇಳಿಜಾರು ತಿಳಿಯುತ್ತಿರಲಿಲ್ಲ. ನೆಲದ ಮೇಲೆ ಬಿಳಿ ಗೆರೆಗಳಷ್ಟೇ ಉಳಿದಿದ್ದವು. ಗೆರೆ ಅಲ್ಲಲ್ಲಿ ಕಡಿದಿತ್ತು. ಕೆಲವು ಅವನು ಬಿಟ್ಟ ಬಾಗಿಲುಗಳು. ಕೆಲವು ಅವಳ ಕಾಲು ತಗುಲಿ ಅಳಿಸಿದ ಗೋಡೆಗಳು. ಯಾವುದು ಯಾವುದೆಂದು ಗೊತ್ತಾಗಲಿಲ್ಲ. ಅವನು ಒಂದರ ಮುಂದೆ ನಿಂತ, ಬಗ್ಗಿ ನೋಡಿದ, ಅದಲ್ಲವೇನೋ ಎಂದು ಇನ್ನೊಂದರ ಬಳಿಗೆ ಹೋದ.

ನಕ್ಷೆಯವಳು ಇಲ್ಲಿಗೆ ನಿಲ್ಲಿಸಿದಳು. ಬೆಂಚಿನ ತುದಿಯಲ್ಲಿದ್ದ ಗಂಡಸೊಬ್ಬ "ಆಮೇಲೆ?" ಎನ್ನಲು ಬಾಯಿ ತೆರೆದು, ಪಕ್ಕದಲ್ಲಿದ್ದ ಹೆಂಡತಿಯ ಕಡೆ ನೋಡಿ ಸುಮ್ಮನಾದ. ಪರವಾನಗಿಯ ಸಾಹೇಬರು ಇವತ್ತು ಯಾರನ್ನೂ ನೋಡುವುದಿಲ್ಲವೆಂದು ಒಳಗಿನಿಂದ ಯಾರೋ ಬಂದು ಹೇಳಿದರು. ಯಾರೂ ಗೊಣಗಲಿಲ್ಲ. ಒಬ್ಬೊಬ್ಬರಾಗಿ ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಮನೆಗೆ ಹೋದರು.