ಹನ್ನೊಂದನೇ ತಾರೀಖಿನ ಪೇಪರ್

ದೆಹಲಿಯ ಓಲ್ಡ್ ರಾಜಿಂದರ್ ನಗರದ ಮೋನಪ್ಪನ ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗಲಾಟೆ ಮುಗಿಯುವುದು ಮೂರೂವರೆಗೆ. ಅವತ್ತು ಅಷ್ಟು ಹೊತ್ತಿಗೆ ಎರಡು ಟೇಬಲ್ ಜೋಡಿಸಿ ಮಗಳು ಶ್ರಾವ್ಯಾಳ ಮದುವೆ ಮಾತಿಗೆ ಕೂತಿದ್ದರು. ಹುಡುಗ ದೀಕ್ಷಿತ್, ಗ್ರೇಟರ್ ನೋಯ್ಡಾದ ಕಾರ್ಖಾನೆಯಲ್ಲಿ ಇಂಜಿನಿಯರ್. ಜೊತೆಗೆ ಅವನ ತಾಯಿ ಲೀಲಾ. ನಡುವೆ ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ. ಅದು ಕೈಯಿಂದ ಕೈಗೆ ದಾಟಿದರೆ ಮಾತು ಮುಗಿದ ಹಾಗೆ. ಆಮೇಲೆ ಹಿಂದೆ ಸರಿಯುವುದು ಮರ್ಯಾದಸ್ಥರ ಕೆಲಸವಲ್ಲ.

ಶ್ರಾವ್ಯಾ ಇಂಗ್ಲಿಷ್ ಎಂ.ಎ. ಕೊನೆಯ ವರ್ಷದಲ್ಲಿದ್ದಳು. ಎರಡು ವರ್ಷದಲ್ಲಿ ಅವಳ ಮನಸ್ಸು ನೆಟ್ಟದ್ದು ಒಂದೇ ಪೇಪರಿನಲ್ಲಿ: ಮುನ್ನೂರು ವರ್ಷ ಹಿಂದಿನ ಲಂಡನ್ನಿನ ನಾಟಕ, ಪದ್ಯಗಳು. ಆ ನಾಟಕಗಳಲ್ಲಿ ಹೆಣ್ಣು ಮದುವೆಗೆ ಮೊದಲೇ ತನ್ನ ಷರತ್ತುಗಳನ್ನು ಹೇಳುತ್ತಾಳೆ, ಗಂಡು ತಲೆ ಕೆರೆದುಕೊಂಡು ಒಪ್ಪುತ್ತಾನೆ. ಕ್ಲಾಸೆಲ್ಲ ನಕ್ಕಾಗ ಇವಳು ಸುಮ್ಮನೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದಳು. ಈಚೆಗೆ ನಗು ಬರುತ್ತಿರಲಿಲ್ಲ, ಅಳುವೂ. ಹುಡುಗ ಒಪ್ಪಿಗೆಯಾ ಎಂದಾಗ ಹೂಂ ಅಂದಿದ್ದಳು. ಇನ್ನೊಂದು ಇಡ್ಲಿ ಬೇಕಾ ಎಂದರೂ ಅದೇ ಹೂಂ.

“ಮೇ ಹನ್ನೊಂದಕ್ಕೆ ಮಂಗಳೂರಿನ ಹಾಲ್ ಹಿಡಿದಾಗಿದೆ,” ಎಂದ ಮೋನಪ್ಪ. “ಆಟಿ ತಿಂಗಳು ಬಂದರೆ ಮದುವೆ ಮಾಡೋ ಹಾಗಿಲ್ಲ, ಅದರೊಳಗೆ ಬೇರೆ ದಿನ ಖಾಲಿ ಇಲ್ಲ. ಇವಳ ಪರೀಕ್ಷೆ ಐದಕ್ಕೇ ಮುಗೀತದೆ.”

ಅವನು ಲೆಕ್ಕ ಹಾಕಿದ್ದು ಹೋದ ವರ್ಷದ ಡೇಟ್‌ಶೀಟ್, ಅಂದರೆ ಪರೀಕ್ಷೆಯ ವೇಳಾಪಟ್ಟಿ ನೋಡಿ. ಈ ವರ್ಷದ್ದು ನೋಟಿಸ್ ಬೋರ್ಡಿಗೆ ಬಂದದ್ದು ನಿನ್ನೆ. ಶ್ರಾವ್ಯಾ ಯಾರಿಗೂ ಹೇಳಿರಲಿಲ್ಲ. ಹೇಳಬೇಕು ಅನ್ನಿಸಿಯೇ ಇರಲಿಲ್ಲ.

“ನಿನ್ನದೇನಾದರೂ ಉಂಟಾ ಮಗಾ?” ಲೀಲಾ ಕೇಳಿದರು. “ಆಮೇಲೆ ಅತ್ತೆ ಕೇಳಲೇ ಇಲ್ಲ ಅನ್ನಬೇಡ.”

“ಹನ್ನೊಂದಕ್ಕೆ ನನಗೆ ಆ ಹಳೇ ಇಂಗ್ಲಿಷ್ ಮದುವೆ ನಾಟಕಗಳ ಪೇಪರ್ ಇದೆ ಆಂಟಿ. ಡೇಟ್‌ಶೀಟ್ ಚೇಂಜ್ ಹೋ ಗಯಾ.” ಬಸ್ಸಿನ ನಂಬರ್ ಹೇಳುವ ದನಿ.

“ಈಗ ಹೇಳ್ತೀಯಾ?” ಮೋನಪ್ಪ ಅರ್ಧ ಎದ್ದ.

“ಮುಂದಿನ ವರ್ಷ ಬರೆದರಾಯ್ತು ಮಾರಾಯ್ರೆ. ಸತ್ತ ಬಿಳಿಯರ ಮದುವೆ ಕಥೆ ತಾನೇ? ಅವರೆಲ್ಲಿಗೆ ಓಡಿ ಹೋಗ್ತಾರೆ?” ಎಂದರು ಲೀಲಾ.

ದೀಕ್ಷಿತ್ ನಕ್ಕ. “ನಾನೇ ಕಾರಿನಲ್ಲಿ ಕರ್ಕೊಂಡು ಬಂದು ಬರೆಸ್ತೇನೆ. ಚಲೋ, ಪ್ರಾಮಿಸ್.”

ಶ್ರಾವ್ಯಾ ಅವನನ್ನು ನೋಡಿದಳು. ಒಳ್ಳೆಯ ಹುಡುಗನೇ. ಆದರೆ ಮದುವೆಯಾಗಿ ವರ್ಷ ಕಳೆದ ಮೇಲೆ ಗ್ರೇಟರ್ ನೋಯ್ಡಾದಿಂದ ಯಾರೂ ಯಾರನ್ನೂ ಪರೀಕ್ಷೆಗೆ ಕರೆತರುವುದಿಲ್ಲ. ಅದು ಅವಳಿಗೆ ಗೊತ್ತಿತ್ತು.

“ಈ ಸಲವೇ ಬರೀತೀನಿ,” ಎಂದಳು.

ಗಲ್ಲಾದ ಹಿಂದಿದ್ದ ತಾಯಿ ಹರಿಣಾಕ್ಷಿ ಎದ್ದು ಬಂದು ಹರಿವಾಣವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

“ಎಲೆ ಬಾಡ್ತಾ ಉಂಟು, ಒಳಗಿಡ್ತೇನೆ. ಆಟಿ ಕಳೆದ ಮೇಲೆ ಹೊಸ ಎಲೆ ತಂದು ಮಾತಾಡುವ.”

“ಅಷ್ಟು ದಿನ ನಾವು ಕಾಯಬೇಕಾ?”

“ಕಾಯಲೇಬೇಕು ಅಂತಿಲ್ಲ ಲೀಲಕ್ಕ. ನಿಮಗೆ ಬಿಟ್ಟದ್ದು. ಕಾಫಿ ತರಿಸ್ತೇನೆ.”

ಅವರು ಕಾಫಿಗೆ ನಿಲ್ಲಲಿಲ್ಲ. ಮೋನಪ್ಪ ಹೆಂಡತಿಯತ್ತ ನೋಡದೆ, “ಮಂಗಳೂರಿನ ಹಾಲ್‌ನವರಿಗೆ ಬೇಡ ಅಂತ ನೀನೇ ಫೋನ್ ಮಾಡು,” ಎಂದು ಅಡುಗೆಮನೆಗೆ ಹೋದ.

ಶ್ರಾವ್ಯಾ ಮಹಡಿ ಹತ್ತಿ ಸೀರೆ ಬಿಚ್ಚಿಟ್ಟು ಸಲ್ವಾರ್ ಹಾಕಿಕೊಂಡಳು. ಖುಷಿಯಾಗಬೇಕಿತ್ತು, ಆಗಲಿಲ್ಲ. ಭಯವೂ ಆಗಲಿಲ್ಲ. ಪುಸ್ತಕ ತೆರೆದು ಕೂತಳು.

ಹರಿಣಾಕ್ಷಿ ಬಾಗಿಲಲ್ಲಿ ನಿಂತು ಕೇಳಿದಳು, “ಪಾಸಾಗ್ತೀಯಾ?”

“ಗೊತ್ತಿಲ್ಲಮ್ಮ.”

“ಆಯ್ತು. ಓದು.” ಅಷ್ಟು ಹೇಳಿ, ಫೋನ್ ಮಾಡಲು ಕೆಳಗಿಳಿದಳು.